ಕೆಜಿಎಫ್‌ನ ಸೈನೈಡ್ ಗುಡ್ಡ: ಅದಿರೋ, ಅಪಾಯವೋ, ಪರಂಪರೆಯೋ?

ಕೋಲಾರ ಚಿನ್ನದ ಗಣಿ ಪ್ರದೇಶದ ಬಗ್ಗೆ ಆಗಾಗ ಬರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಗೊಂದಲವಾಗುವುದು ಸಹಜ. ಗಣಿ ಮತ್ತೆ ಆರಂಭವಾಗಲಿದೆ ಎಂದು ಒಂದು ಸುದ್ದಿ ಹೇಳುತ್ತದೆ. ಗಣಿಯ ಹೆಚ್ಚುವರಿ ಜಮೀನಿನಲ್ಲಿ ಕೈಗಾರಿಕಾ ಟೌನ್‌ಶಿಪ್ ಬರಲಿದೆ ಎಂದು ಇನ್ನೊಂದು ಹೇಳುತ್ತದೆ. ಬ್ರಿಟಿಷರ ಕಾಲದ ಕಟ್ಟಡಗಳನ್ನೂ ಗಣಿಗೆ ಇಳಿಯುವ ಲಂಬ ಬಾವಿಗಳಾದ ಶಾಫ್ಟ್‌ಗಳನ್ನೂ ಉಳಿಸಿ ಪಾರಂಪರಿಕ ಪ್ರವಾಸಿ ತಾಣ ಮಾಡಬೇಕೆಂಬ ಬೇಡಿಕೆ ಇವೆರಡರ ನಡುವೆ ಮೇಲೇಳುತ್ತದೆ, ಮರೆಯಾಗುತ್ತದೆ. ಮೂರೂ ಸುದ್ದಿಗಳು ಬೇರೆ ಬೇರೆ ಜಾಗದ ಕುರಿತಾಗಿದ್ದರೆ ತೊಂದರೆಯಿರಲಿಲ್ಲ. ಅವು ಬಹುಮಟ್ಟಿಗೆ ಒಂದೇ ನೆಲದ ಮೇಲೆ ಹಕ್ಕು ಹೂಡುತ್ತಿವೆ ಎಂಬುದೇ ಇಲ್ಲಿನ ಸಮಸ್ಯೆ.

ಸಂಪುಟ ಒಪ್ಪಿದ್ದು ಯಾವುದಕ್ಕೆ?

2024ರ ಜೂನ್‌ನಲ್ಲಿ ಕರ್ನಾಟಕ ಸಚಿವ ಸಂಪುಟವು ಕೇಂದ್ರ ಸರ್ಕಾರದ ಒಂದು ಪ್ರಸ್ತಾವಕ್ಕೆ ಸಮ್ಮತಿ ನೀಡಿತು. ಸುಮಾರು 1,003 ಎಕರೆಯಲ್ಲಿ ಹರಡಿರುವ 13 ತ್ಯಾಜ್ಯ ದಿಬ್ಬಗಳಿಂದ ಚಿನ್ನ ತೆಗೆಯುವುದು ಆ ಪ್ರಸ್ತಾವದ ತಿರುಳು. ಈ ಸುದ್ದಿ ಹಲವೆಡೆ ‘ಕೆಜಿಎಫ್ ಮತ್ತೆ ತೆರೆಯಲಿದೆ’ ಎಂಬ ರೂಪದಲ್ಲಿ ಹರಡಿತಾದರೂ ನೆಲದಡಿಯ ಗಣಿಗಳಿಗೂ ಈ ತೀರ್ಮಾನಕ್ಕೂ ಸಂಬಂಧವಿಲ್ಲ. ಇದು ನೆಲದ ಮೇಲೆ ಬಿದ್ದಿರುವ ಮಣ್ಣಿನ ವಿಚಾರ.

ಆ ಮಣ್ಣು ಎಲ್ಲಿಂದ ಬಂತೆಂಬುದನ್ನು ತಿಳಿದರೆ ಮುಂದಿನದು ಸುಲಭವಾಗುತ್ತದೆ. ಗಣಿಯಿಂದ ಮೇಲೆ ಬಂದ ಬಂಡೆಯನ್ನು ಮಿಲ್ಲಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ನೆನೆಸಿದರೆ ಅದರಲ್ಲಿರುವ ಚಿನ್ನ ಕರಗಿ ದ್ರಾವಣಕ್ಕೆ ಇಳಿಯುತ್ತದೆ. ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಕೆಸರನ್ನು ಹೊರಗೆ ಸುರಿಯಲಾಗುತ್ತಿತ್ತು. ನೂರಕ್ಕೂ ಹೆಚ್ಚು ವರ್ಷ ಹೀಗೆ ಸುರಿದುದರ ಫಲವೇ ಊರಿನ ನಡುವೆ ಎದ್ದುನಿಂತಿರುವ, ಜನ ‘ಸೈನೈಡ್ ಗುಡ್ಡ’ ಎಂದು ಕರೆಯುವ ದಿಬ್ಬಗಳು. ಅವುಗಳ ಒಟ್ಟು ತೂಕ ಸುಮಾರು 3.3 ಕೋಟಿ ಟನ್ ಎಂಬ ಅಂದಾಜಿದೆ.

ಹಳೆಯ ಮಿಲ್ಲುಗಳು ಅದಿರಿನಲ್ಲಿದ್ದ ಚಿನ್ನವನ್ನೆಲ್ಲ ಹಿಡಿಯಲು ಶಕ್ತವಾಗಿರಲಿಲ್ಲವಾದ್ದರಿಂದ ಗುಡ್ಡದ ಮಣ್ಣಿನಲ್ಲಿ ಟನ್ನಿಗೆ ಒಂದು ಗ್ರಾಂಗೂ ಕಡಿಮೆ ಪ್ರಮಾಣದಲ್ಲಿ ಚಿನ್ನ ಉಳಿದಿದೆ. ಕೇಳಲು ಅಲ್ಪವೆನಿಸಿದರೂ ಲೆಕ್ಕ ಬೇರೆಯೇ ಇದೆ. ಬಂಡೆ ಒಡೆದು ಮೇಲೆ ತರುವುದು ಮತ್ತು ಅದನ್ನು ಪುಡಿ ಮಾಡುವುದು ಚಿನ್ನದ ಗಣಿಗಾರಿಕೆಯಲ್ಲಿ ಅತಿ ದುಬಾರಿಯಾದ ಕೆಲಸಗಳು. ಈ ಗುಡ್ಡಗಳಲ್ಲಿ ಅವೆರಡನ್ನೂ ಹಿಂದಿನ ತಲೆಮಾರಿನ ಕಾರ್ಮಿಕರು ಮಾಡಿ ಮುಗಿಸಿದ್ದಾರೆ. ಚಿನ್ನದ ಬೆಲೆ ಏರಿದಷ್ಟೂ, ಹಿಂದೆ ಕಸವೆಂದು ಬಿಟ್ಟದ್ದು ಅದಿರಾಗುತ್ತದೆ.

ಚಿನ್ನ ಕಟ್ಟಿದ ಊರು

ಈ ಪ್ರದೇಶದಲ್ಲಿ ಚಿನ್ನವಿದೆ ಎಂಬ ಮಾತನ್ನು ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರನ್ 1802ರಲ್ಲಿ ಕೇಳಿಸಿಕೊಂಡು ದಾಖಲಿಸಿದ. 1870ರ ದಶಕದಲ್ಲಿ ಮೈಕೆಲ್ ಲ್ಯಾವೆಲ್ ಮೈಸೂರು ಸರ್ಕಾರದಿಂದ ಇಲ್ಲಿ ಗಣಿ ಹಕ್ಕು ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆಯ ಹೆಸರಿನಲ್ಲಿ ಉಳಿದಿರುವವನು ಇವನೇ. ಆದರೆ ಗಣಿಗಾರಿಕೆ ನಿಜಕ್ಕೂ ಬೇರೂರಿದ್ದು 1880ರ ದಶಕದಲ್ಲಿ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ಆಡಳಿತ ವಹಿಸಿಕೊಂಡ ಬಳಿಕ. ಮುಂದಿನ ಎರಡು ದಶಕಗಳಲ್ಲಿ ಬಂದ ರೈಲು, ನೀರು, ವಿದ್ಯುತ್ ಇವೆಲ್ಲವೂ ಗಣಿಯ ಹಸಿವಿಗೆ ತಕ್ಕಂತೆ ಬಂದವು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಮಾರ್ಗ ಎಳೆಯಲಾಯಿತು. ಬೇತಮಂಗಲದಿಂದ ಕೊಳವೆಯಲ್ಲಿ ನೀರು ಬಂತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೂಲಕ ಇಲ್ಲಿಗೆ ತರಲಾಯಿತು. ಬೆಂಗಳೂರಿನ ಬೀದಿಗಳು ವಿದ್ಯುತ್ ದೀಪ ಕಂಡದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ.

ಪರಂಪರೆಯ ಪ್ರಶ್ನೆ ಎದ್ದಾಗ ಈ ಜಾಲವನ್ನು ನೆನಪಿಡಬೇಕಾಗುತ್ತದೆ. ಒಂದು ಶಾಫ್ಟನ್ನೋ ಒಂದು ಬಂಗಲೆಯನ್ನೋ ಉಳಿಸಿದರೆ ಕೆಜಿಎಫ್ ಅರ್ಥವಾಗುವುದಿಲ್ಲ. ಅದರ ಅರ್ಥವಿರುವುದು ಜಲಪಾತ, ತಂತಿ, ಕೆರೆ, ರೈಲು, ಮಿಲ್ಲು, ಕಾರ್ಮಿಕರ ಲೈನ್ ಮನೆಗಳು ಒಂದಕ್ಕೊಂದು ಹೆಣೆದುಕೊಂಡ ಬಗೆಯಲ್ಲಿ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ, 1962ರಲ್ಲಿ ಕೇಂದ್ರದ ವಶಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್ ರೂಪುಗೊಂಡಿತು. ಆ ವೇಳೆಗಾಗಲೇ ಇಳಿಕೆ ಶುರುವಾಗಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿದ್ದುದರಿಂದ ತಂಪು ಗಾಳಿಯನ್ನು ಯಂತ್ರದಿಂದ ಕಳಿಸಬೇಕಿತ್ತು. ಆಳ ಹೆಚ್ಚಿದಂತೆ ಮೇಲಿನ ಭಾರಕ್ಕೆ ಬಂಡೆ ಒಮ್ಮೆಲೇ ಸಿಡಿಯುವ ‘ರಾಕ್ ಬರ್ಸ್ಟ್’ಗಳೂ ಹೆಚ್ಚಿದವು. ಪ್ರತಿ ಟನ್ ಅದಿರಿನಲ್ಲಿ ಸಿಗುವ ಚಿನ್ನ ಇಳಿಯುತ್ತಾ, ಅದೇ ಟನ್ನನ್ನು ಮೇಲೆ ತರುವ ಖರ್ಚು ಏರುತ್ತಾ ಹೋಗಿ, ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮರುಜೀವದ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಜಾಗತಿಕ ಟೆಂಡರ್ ಕರೆಯಲು 2013ರಲ್ಲಿ ಸುಪ್ರೀಂ ಕೋರ್ಟ್ ಹಾದಿ ಮಾಡಿಕೊಟ್ಟ ನಂತರವೂ ಗಣಿ ತೆರೆಯಲಿಲ್ಲ.

ಪಂಪು ನಿಂತರೆ ಪ್ರವಾಸವೂ ಇಲ್ಲ

ಪ್ರವಾಸೋದ್ಯಮದ ಮಾತು ಬಂದಾಗ ಎಲ್ಲರ ಕಣ್ಣ ಮುಂದೆ ಬರುವ ಚಿತ್ರ ಒಂದೇ: ತಲೆಗೆ ದೀಪದ ಟೋಪಿ ಹಾಕಿಕೊಂಡು, ಪಂಜರದಂಥ ಲಿಫ್ಟಿನಲ್ಲಿ ಕತ್ತಲೆಯೊಳಗೆ ಇಳಿಯುವುದು. ಕೆಜಿಎಫ್‌ನಲ್ಲಿ ಈ ಚಿತ್ರ ಸದ್ಯಕ್ಕೆ ಸಾಧ್ಯವಿಲ್ಲ. ಆಳದ ಗಣಿಯೆಂದರೆ ಸುತ್ತಲಿನ ಅಂತರ್ಜಲ ಹರಿದು ಬಂದು ಸೇರುವ ದೊಡ್ಡ ಬಾವಿ. ಗಣಿ ನಡೆಯುವಷ್ಟು ಕಾಲ ಪಂಪುಗಳು ಹಗಲಿರುಳೂ ಆ ನೀರನ್ನು ಎತ್ತಿ ಹಾಕುತ್ತಿರುತ್ತವೆ. ಪಂಪು ನಿಂತರೆ ನೀರು ಏರುತ್ತದೆ, ಏರಿದ ನೀರು ಮರದ ಆಧಾರಗಳನ್ನು ಕೊಳೆಸುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಕೆಜಿಎಫ್‌ನಲ್ಲಿ ಆದದ್ದು ಇದೇ.

ಈ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಸಿಟಿ ಮತ್ತು ಬ್ರಿಟನ್ನಿನ ಡರಂ ವಿಶ್ವವಿದ್ಯಾಲಯಗಳ ಜೊತೆಗೂಡಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳನ್ನು ಪತ್ತೆ ಮಾಡಿದ್ದರು. ವಿಜ್ಞಾನದ ಚರಿತ್ರೆಯಲ್ಲಿ ಹೆಸರಿರುವ ಆ ಜಾಗವನ್ನು ಈಗ ನೋಡಬೇಕಾದರೆ ಮೀನಾಗಿ ಹುಟ್ಟಬೇಕು.

ಬೇರೆ ದೇಶಗಳ ಅನುಭವವೂ ಇದನ್ನೇ ತೋರಿಸುತ್ತದೆ. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಕೆಜಿಎಫ್‌ನಂತೆಯೇ ಚಿನ್ನದ ಮೇಲೆ ಹುಟ್ಟಿದ ಊರು. ಅಲ್ಲಿನ ಹಳೆಯ ಕ್ರೌನ್ ಮೈನ್ಸ್ ಗಣಿಯ ಒಂದು ಶಾಫ್ಟಿನ ಸುತ್ತ 1987ರಲ್ಲಿ ಗೋಲ್ಡ್ ರೀಫ್ ಸಿಟಿ ಎಂಬ ಮನರಂಜನಾ ಪಾರ್ಕ್ ತೆರೆದು, ಪ್ರವಾಸಿಗರನ್ನು ಇನ್ನೂರಕ್ಕೂ ಹೆಚ್ಚು ಮೀಟರ್ ಕೆಳಕ್ಕೆ ಕರೆದೊಯ್ಯಲಾಗುತ್ತಿತ್ತು. ನೆರೆಯ ಗಣಿಗಳು ಮುಚ್ಚಿ ಪಂಪುಗಳು ನಿಂತ ಮೇಲೆ ಆಮ್ಲಯುಕ್ತ ನೀರು ಏರತೊಡಗಿ, ಪ್ರವಾಸದ ಆಳವನ್ನು ನೂರು ಮೀಟರಿಗೂ ಒಳಗೆ ತಗ್ಗಿಸಬೇಕಾಯಿತು. ಆ ಭಾಗದ ನೀರನ್ನು ಎತ್ತುವ ಕೆಲಸವನ್ನು 2014ರಿಂದ ಸರ್ಕಾರವೇ ವಹಿಸಿಕೊಂಡಿತು. ಗಣಿಯ ಲಾಭ ಪಡೆದ ಕಂಪನಿಗಳಲ್ಲಿ ಹಲವು ಅಷ್ಟರಲ್ಲಿ ಇರಲೇ ಇಲ್ಲ.

ಜರ್ಮನಿಯ ರೂರ್ ಪ್ರದೇಶವನ್ನು ಕೈಗಾರಿಕಾ ಪರಂಪರೆಯ ಮಾದರಿಯೆಂದು ಎಲ್ಲರೂ ತೋರಿಸುತ್ತಾರೆ. ಎಸೆನ್ ನಗರದ ಝೋಲ್‌ವರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿ, 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿ, ಈಗ ವಸ್ತುಸಂಗ್ರಹಾಲಯವೂ ಕಲಾ ಕೇಂದ್ರವೂ ಆಗಿದೆ. ಆ ಯಶಸ್ಸಿನ ಹಿಂದಿರುವ ಎರಡು ಸಂಗತಿಗಳನ್ನು ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ಮೊದಲನೆಯದಾಗಿ, ಗಣಿ ಮುಚ್ಚಿದ ಕೂಡಲೇ ರಾಜ್ಯ ಸರ್ಕಾರ ಆ ಜಾಗವನ್ನು ಕೊಂಡುಕೊಂಡಿತು. ಎರಡನೆಯದಾಗಿ, ರೂರ್‌ನಲ್ಲಿ ಗಣಿಗಾರಿಕೆಯಿಂದ ನೆಲ ಕುಸಿದಿರುವುದರಿಂದ ಅಂತರ್ಜಲವನ್ನು ಕಾಲಾಂತರಕ್ಕೂ ಎತ್ತುತ್ತಲೇ ಇರಬೇಕು. ಇದಕ್ಕಾಗಿ 2007ರಲ್ಲಿ ಪ್ರತ್ಯೇಕ ಪ್ರತಿಷ್ಠಾನವನ್ನೇ ಸ್ಥಾಪಿಸಲಾಯಿತು. ಅಲ್ಲಿನವರು ಇದನ್ನು ‘ಅನಂತಕಾಲದ ಕೆಲಸ’ ಎಂದೇ ಕರೆಯುತ್ತಾರೆ.

ನಾಗಪುರದ ಬಳಿಯ ಸಾವನೇರ್‌ನಲ್ಲಿ ಕಲ್ಲಿದ್ದಲು ಗಣಿಯೊಳಗೆ ಪ್ರವಾಸಿಗರನ್ನು ಇಳಿಸುವ ವ್ಯವಸ್ಥೆ 2016ರಲ್ಲಿ ಸಾಧ್ಯವಾದದ್ದಕ್ಕೂ ಕಾರಣ ಸರಳ. ಅದು ನಡೆಯುತ್ತಿದ್ದ ಗಣಿ. ಪಂಪು, ಗಾಳಿ, ಲಿಫ್ಟು, ಸುರಕ್ಷತಾ ಸಿಬ್ಬಂದಿ ಎಲ್ಲವೂ ಕಲ್ಲಿದ್ದಲಿನ ಖರ್ಚಿನಲ್ಲೇ ಇದ್ದವು. ಹಾಗಾಗಿ ಕೆಜಿಎಫ್‌ನಲ್ಲಿ ಪರಂಪರೆಯೆಂದು ನೋಡಲು ಉಳಿದಿರುವುದು ನೆಲದ ಮೇಲಿನದು ಎಂದು ಒಪ್ಪಿಕೊಂಡೇ ಚರ್ಚೆ ಶುರುವಾಗಬೇಕು. ಹಾಗೆ ಒಪ್ಪಿಕೊಂಡ ಕ್ಷಣವೇ ಗುಡ್ಡಗಳ ಪ್ರಶ್ನೆ ಎದುರಾಗುತ್ತದೆ.

ಒಂದೇ ಗುಡ್ಡ, ಮೂರು ಲೆಕ್ಕ

ಕೆಜಿಎಫ್‌ಗೆ ಕುತೂಹಲದಿಂದ ಬರುವವರು ಮೊದಲು ಫೋಟೊ ತೆಗೆದುಕೊಳ್ಳುವುದು ಸೈನೈಡ್ ಗುಡ್ಡದ ಮುಂದೆ. ಮಳೆ ಕೊರೆದ ಸೀಳುಗಳಿಂದ ತುಂಬಿದ, ಬೋಳಾದ ಆ ದಿಬ್ಬಗಳು ಸಿನಿಮಾಗಳಲ್ಲೂ ಕಾಣಿಸಿಕೊಂಡಿವೆ. ಊರಿನ ಗುರುತೇ ಅವು. ಮಿಲ್ಲು, ಶಾಫ್ಟಿನ ಮೇಲೆ ನಿಂತ ಗೋಪುರವಾದ ಹೆಡ್‌ಗೇರ್, ಲಿಫ್ಟನ್ನು ಎಳೆಯುವ ವೈಂಡಿಂಗ್ ಎಂಜಿನ್‌ಗಳು ತುಕ್ಕು ಹಿಡಿದು ಕಳಚಿ ಹೋಗುತ್ತಿರುವಾಗ, ನೂರಿಪ್ಪತ್ತು ವರ್ಷಗಳ ದುಡಿಮೆಯ ಪ್ರಮಾಣವನ್ನು ಒಂದೇ ನೋಟದಲ್ಲಿ ತೋರಿಸುವ ಶಕ್ತಿ ಇರುವುದು ಅವಕ್ಕೆ ಮಾತ್ರ.

ಸುತ್ತಮುತ್ತ ವಾಸಿಸುವವರಿಗೆ ಅದೇ ಗುಡ್ಡ ಬೇರೆ ರೀತಿಯಲ್ಲಿ ಕಾಣುತ್ತದೆ. ಹೆಸರು ಸೈನೈಡ್ ಗುಡ್ಡವಾದರೂ ಬಿಸಿಲು ಮತ್ತು ಗಾಳಿಗೆ ತೆರೆದುಕೊಂಡ ಸೈನೈಡ್ ಕಾಲಕ್ರಮದಲ್ಲಿ ಬಹುಮಟ್ಟಿಗೆ ಕ್ಷೀಣಿಸುತ್ತದೆ. ಕ್ಷೀಣಿಸದೆ ಉಳಿಯುವುದು ಬಂಡೆಯ ನುಣ್ಣನೆಯ ಪುಡಿ ಮತ್ತು ಅದರಲ್ಲಿರುವ ಲೋಹಾಂಶಗಳು. ಗಾಳಿ ಜೋರಾಗಿ ಬೀಸುವ ತಿಂಗಳುಗಳಲ್ಲಿ ಆ ಪುಡಿ ಮನೆಯೊಳಗೆ, ಅಡುಗೆಯೊಳಗೆ ಬರುತ್ತದೆ ಎಂಬುದು ನಿವಾಸಿಗಳ ಹಳೆಯ ದೂರು. ಗಣಿಯೊಳಗೆ ಇದೇ ಬಂಡೆಯ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತಂದುಕೊಂಡವರ ಕುಟುಂಬಗಳಿಗೆ ಈ ದೂರಿನ ತೂಕ ಗೊತ್ತು. ಗಣಿ ಕಂಪನಿಯ ಕಣ್ಣಿನಲ್ಲಿ ಅದು ಅದಿರು, ಪ್ರವಾಸೋದ್ಯಮದ ಕಣ್ಣಿನಲ್ಲಿ ಸ್ಮಾರಕ, ನಿವಾಸಿಗಳ ಕಣ್ಣಿನಲ್ಲಿ ಧೂಳು. ಮೂವರ ಮಾತಿನಲ್ಲೂ ಸುಳ್ಳಿಲ್ಲ.

ಮರುಸಂಸ್ಕರಣೆಯ ಪರ ವಾದಿಸುವವರು ಹೇಳುವುದೇನೆಂದರೆ, ಗುಡ್ಡವನ್ನು ಕರಗಿಸಿ, ಉಳಿದ ತ್ಯಾಜ್ಯವನ್ನು ಊರಿನಿಂದ ದೂರ, ತಳಕ್ಕೆ ಹಾಸು ಹಾಕಿದ ಕಟ್ಟೆಯೊಳಗೆ ಇರಿಸಿದರೆ ಚಿನ್ನವೂ ಸಿಗುತ್ತದೆ, ಧೂಳೂ ತಪ್ಪುತ್ತದೆ, ನೂರಾರು ಎಕರೆ ಜಮೀನೂ ಬಿಡುಗಡೆಯಾಗುತ್ತದೆ. ಈ ವಾದ ಗಟ್ಟಿಯಾದದ್ದೇ. ಆದರೆ ಇದರಲ್ಲಿರುವ ‘ದೂರ’ ಮತ್ತು ‘ಹಾಸು’ ಎಂಬ ಎರಡು ಷರತ್ತುಗಳು ಗುತ್ತಿಗೆಯಲ್ಲಿ ಬರೆದಿದ್ದರೆ ಮಾತ್ರ ನಿಲ್ಲುತ್ತವೆ. ದಿಬ್ಬದಲ್ಲಿರುವ ಪುಡಿಯನ್ನು ಒಗ್ಗೂಡಿಸಿ ಮತ್ತೆ ಸೈನೈಡಿಗೆ ಒಡ್ಡಿದ ಮೇಲೆ ಅಷ್ಟೇ ತೂಕದ ಪುಡಿ ಹೊರಬರುತ್ತದೆ. ಟನ್ನಿಗೆ ಒಂದು ಗ್ರಾಂಗೂ ಕಡಿಮೆ ಚಿನ್ನ ತೆಗೆದರೆ ಗುಡ್ಡವೇನೂ ಸಣ್ಣದಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಕೆಲಸ ಒಂದೆರಡು ವರ್ಷದಲ್ಲಿ ಮುಗಿಯುವಂಥದ್ದೂ ಅಲ್ಲ. ವರ್ಷಕ್ಕೆ 30 ಲಕ್ಷ ಟನ್ ಸಂಸ್ಕರಿಸುವ ಸ್ಥಾವರ ಕಟ್ಟಿದರೂ 3.3 ಕೋಟಿ ಟನ್ ಮುಗಿಸಲು ಹನ್ನೊಂದು ವರ್ಷ ಬೇಕು. ಅಷ್ಟು ಕಾಲವೂ ಕಲಕಿದ ಗುಡ್ಡದ ಧೂಳನ್ನು ಅಡಗಿಸಿಡುವುದು ಯಾರ ಹೊಣೆ ಎಂಬುದು ಮೊದಲೇ ತೀರ್ಮಾನವಾಗಿರಬೇಕಾಗುತ್ತದೆ.

ಜೋಹಾನ್ಸ್‌ಬರ್ಗ್ ಈ ಹಂತವನ್ನೂ ದಾಟಿ ಬಂದಿದೆ. ಅಲ್ಲಿ ಗಣಿ ತ್ಯಾಜ್ಯದ ದಿಬ್ಬವೊಂದರ ನೆತ್ತಿಯ ಮೇಲೆ ಟಾಪ್ ಸ್ಟಾರ್ ಎಂಬ ಡ್ರೈವ್-ಇನ್ ಚಿತ್ರಮಂದಿರವಿತ್ತು. ಕಾರಿನಲ್ಲೇ ಕೂತು ಸಿನಿಮಾ ನೋಡುತ್ತಾ ನಗರದ ದೀಪಗಳನ್ನೂ ನೋಡಬಹುದಾದ ಆ ಜಾಗವನ್ನು ಪಾರಂಪರಿಕ ತಾಣವೆಂದು ಉಳಿಸಲು ಅಲ್ಲಿನ ಪರಂಪರೆ ಸಂಸ್ಥೆ ಪ್ರಯತ್ನಿಸಿತು. ಚಿನ್ನದ ಬೆಲೆಯ ಮುಂದೆ ಆ ಪ್ರಯತ್ನ ನಿಲ್ಲಲಿಲ್ಲ, ದಿಬ್ಬವನ್ನು ಕರಗಿಸಲಾಯಿತು. ಕೆಜಿಎಫ್‌ನಲ್ಲಿ ಹದಿಮೂರೂ ದಿಬ್ಬಗಳನ್ನು ಉಳಿಸಬೇಕೆಂದು ವಾದಿಸುವುದು ನ್ಯಾಯವೂ ಅಲ್ಲ, ನಡೆಯುವಂಥದ್ದೂ ಅಲ್ಲ. ಒಂದನ್ನು, ಅದರ ಮೇಲ್ಮೈಗೆ ಹುಲ್ಲು ಹಿಡಿಸಿ ಧೂಳು ಏಳದಂತೆ ಮಾಡಿ, ಗುತ್ತಿಗೆಯಿಂದ ಹೊರಗಿಡುವುದು ಮಾತ್ರ ಕಷ್ಟವಾಗಬಾರದು.

ಜಮೀನು ಯಾರ ಕೈಯಲ್ಲಿದೆ

ಬಿಜಿಎಂಎಲ್ ಅಧೀನದಲ್ಲಿರುವ ಜಮೀನು ಸುಮಾರು 12 ಸಾವಿರ ಎಕರೆ. ಅದರಲ್ಲಿ ಸುಮಾರು 3,200 ಎಕರೆಯನ್ನು ಕೈಗಾರಿಕೆಗೆ ಬಳಸಬೇಕೆಂಬುದು ರಾಜ್ಯದ ಬಯಕೆ. ಕಂಪನಿ ಕೇಂದ್ರ ಗಣಿ ಸಚಿವಾಲಯದ್ದು, ಗಣಿ ಗುತ್ತಿಗೆ ಕೊಡಬೇಕಾದದ್ದು ರಾಜ್ಯ ಸರ್ಕಾರ, ಲೈನ್ ಮನೆಗಳಲ್ಲಿ ವಾಸಿಸುತ್ತಿರುವವರು ಹಳೆಯ ಕಾರ್ಮಿಕರ ಕುಟುಂಬಗಳು. ಪ್ರವಾಸೋದ್ಯಮ ಇಲಾಖೆಗೆ ಇವುಗಳಲ್ಲಿ ಯಾವುದರ ಮೇಲೂ ನೇರ ಹಿಡಿತವಿಲ್ಲ.

ಬೆಂಗಳೂರಿನಲ್ಲಿ ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಆವರಣವನ್ನು ಸಾಂಸ್ಕೃತಿಕ ತಾಣವಾಗಿಸುವ ಯೋಜನೆಯನ್ನೋ, ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ವಸ್ತುಸಂಗ್ರಹಾಲಯವನ್ನೋ ಕೆಜಿಎಫ್‌ಗೆ ಮಾದರಿಯಾಗಿ ಹೇಳುವುದುಂಟು. ಅಲ್ಲಿ ಸುತ್ತ ಕಾಂಪೌಂಡಿದೆ, ಒಬ್ಬ ಯಜಮಾನನಿದ್ದಾನೆ, ಒಳಗೆ ಯಾರೂ ವಾಸಿಸುವುದಿಲ್ಲ, ಕೆಳಗೆ ಪೊಳ್ಳು ನೆಲವಿಲ್ಲ. ಹೋಲಿಕೆ ಅಷ್ಟಕ್ಕೇ ಮುಗಿಯುತ್ತದೆ.

ಹೆಚ್ಚು ಪಾಠ ಕಲಿಸಬಲ್ಲದ್ದು ಮುಂಬೈನ ಹತ್ತಿ ಗಿರಣಿಗಳ ಕಥೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಆ ಜಮೀನನ್ನು ಮಾರುವುದಾದರೆ ಮೂರನೇ ಒಂದು ಭಾಗ ನಗರದ ತೆರೆದ ಜಾಗಕ್ಕೆ, ಮೂರನೇ ಒಂದು ಭಾಗ ಸಾರ್ವಜನಿಕ ವಸತಿಗೆ ಹೋಗಬೇಕೆಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿಯಲ್ಲಿ ಈ ಹಂಚಿಕೆ ಗಿರಣಿ ಕಟ್ಟಡ ನಿಂತಿದ್ದ ನೆಲವನ್ನು ಬಿಟ್ಟು ಖಾಲಿ ಜಾಗಕ್ಕೆ ಮಾತ್ರ ಎಂದಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ನಗರಕ್ಕೂ ಕಾರ್ಮಿಕರ ವಸತಿಗೂ ಸಿಗಬೇಕಿದ್ದ ಪಾಲು ಕರಗಿಹೋಯಿತು. ಫೀನಿಕ್ಸ್ ಮಿಲ್ಸ್‌ನ ಚಿಮಣಿ ಇವತ್ತಿಗೂ ನಿಂತಿದೆ, ಸುತ್ತಲೂ ಮಾಲ್. ನಿಯಮದ ಒಂದು ಸಾಲು ಬದಲಾದುದಕ್ಕೆ ಇಡೀ ಪ್ರದೇಶದ ಹಣೆಬರಹ ಬದಲಾಯಿತು.

ಕಾನೂನಿನ ರಕ್ಷಣೆಯೂ ಇಲ್ಲಿ ತೆಳುವಾಗಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಒಳಪಡಲು ಕಟ್ಟಡಕ್ಕೆ ಕನಿಷ್ಠ ನೂರು ವರ್ಷ ಆಗಿರಬೇಕು. ಕೆಜಿಎಫ್‌ನ ಹಳೆಯ ಬಂಗಲೆಗಳು, ಚರ್ಚುಗಳು ಈ ಅಳತೆಯಲ್ಲಿ ಪಾಸಾಗುತ್ತವೆ. 1965ರ ವಿಜ್ಞಾನವಾಗಲಿ, ಸ್ವಾತಂತ್ರ್ಯಾನಂತರದ ಯಂತ್ರಗಳಾಗಲಿ ಪಾಸಾಗುವುದಿಲ್ಲ. ಇದರಿಂದ ಆಗುವ ಪರಿಣಾಮ ಕೇವಲ ತಾಂತ್ರಿಕವಲ್ಲ: ಮ್ಯಾನೇಜರ್‌ನ ಮನೆ ಸ್ಮಾರಕವಾಗಿ, ಕಾರ್ಮಿಕನ ಮನೆ ಒತ್ತುವರಿಯಾಗಿ ಉಳಿಯುವ ಸಾಧ್ಯತೆ ಇದೆ.

‘ಮಿನಿ ಇಂಗ್ಲೆಂಡ್’ ಯಾರಿಗೆ?

ಪ್ರವಾಸೋದ್ಯಮದ ಬರಹಗಳಲ್ಲಿ ಕೆಜಿಎಫ್‌ಗೆ ಅಂಟಿರುವ ಬಿರುದು ‘ಮಿನಿ ಇಂಗ್ಲೆಂಡ್’. ಕ್ಲಬ್ಬು, ಗಾಲ್ಫ್ ಮೈದಾನ, ಹೂದೋಟವಿದ್ದ ಬಂಗಲೆಗಳ ಮಟ್ಟಿಗೆ ಅದು ಸರಿ. ಆದರೆ ಗಣಿಗೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್ ಮೊದಲಾದ ಕಡೆಗಳಿಂದ ಬಂದ ತಮಿಳು ಮಾತೃಭಾಷೆಯ ದಲಿತರು. ಅವರ ಬದುಕು ಸಾಗಿದ್ದು ತಗಡು ಮತ್ತು ಬಿದಿರು ತಟ್ಟಿಯ ಸಾಲುಮನೆಗಳಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಬೌದ್ಧ ಪುಸ್ತಕಗಳನ್ನು ತಮಿಳಿನಲ್ಲಿ ಅಚ್ಚು ಹಾಕುವ ಕೆಲಸ ಚಾಂಪಿಯನ್ ರೀಫ್ಸ್‌ನಲ್ಲಿ ನಡೆಯಿತು. ತಮ್ಮ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಕಾರ್ಮಿಕರು 1930ರಲ್ಲಿ ಮುಷ್ಕರ ಹೂಡಿ ಗಣಿಗಳನ್ನು ನಿಲ್ಲಿಸಿದ್ದರು. ‘ಮಿನಿ ಇಂಗ್ಲೆಂಡ್’ ಎಂಬ ಫಲಕದ ಕೆಳಗೆ ಈ ಚರಿತ್ರೆಗೆ ಜಾಗ ಎಲ್ಲಿ?

ಈ ಪ್ರಶ್ನೆಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಜಪಾನ್ ಸಾಕ್ಷಿ. ನಾಗಸಾಕಿ ಸಮೀಪದ ಹಾಷಿಮಾ ಕಲ್ಲಿದ್ದಲು ದ್ವೀಪ 2015ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ, ಅಲ್ಲಿ ಬಲವಂತವಾಗಿ ದುಡಿಸಲ್ಪಟ್ಟ ಕೊರಿಯನ್ನರ ಕಥೆಯನ್ನೂ ಹೇಳುವುದಾಗಿ ಜಪಾನ್ ಒಪ್ಪಿಕೊಂಡಿತ್ತು. ಆ ಮಾತು ಪೂರ್ತಿ ನಡೆಯಲಿಲ್ಲವೆಂದು ವಿಶ್ವ ಪರಂಪರೆ ಸಮಿತಿ 2021ರಲ್ಲಿ ತೀವ್ರ ವಿಷಾದ ವ್ಯಕ್ತಪಡಿಸಿತು. ಕೆಜಿಎಫ್‌ನಲ್ಲಿ ಎರಡು ದೇಶಗಳ ಜಗಳವಿಲ್ಲ. ಆದರೆ ಭಾಷೆಯ ಸೂಕ್ಷ್ಮವಿದೆ. ಕರ್ನಾಟಕದ ಖರ್ಚಿನಲ್ಲಿ ಕಟ್ಟುವ ಸಂಗ್ರಹಾಲಯದಲ್ಲಿ ತಮಿಳು ಕಾರ್ಮಿಕರ ಹಾಡು, ಪತ್ರಿಕೆ, ಸಂಘದ ಕಾಗದಗಳಿಗೆ ಎಷ್ಟು ಗೋಡೆ ಎಂಬುದನ್ನು ಮೊದಲೇ ಮುಕ್ತವಾಗಿ ಚರ್ಚಿಸದಿದ್ದರೆ ಅದು ಆಮೇಲೆ ರಾಜಕೀಯವಾಗಿ ಸಿಡಿಯುತ್ತದೆ.

ಉದ್ಯೋಗದ ಲೆಕ್ಕವನ್ನೂ ಉಬ್ಬಿಸಬಾರದು. ಒಂದು ಕಾಲಕ್ಕೆ ಮೂವತ್ತು ಸಾವಿರದಷ್ಟು ಜನರಿಗೆ ಕೆಲಸ ಕೊಟ್ಟ ಗಣಿಯ ಜಾಗವನ್ನು ಟಿಕೆಟ್ ಕೌಂಟರ್, ಹೋಟೆಲು, ಗೈಡುಗಳು ತುಂಬಲಾರರು. ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಮಂದಿಯ ಪ್ರಯಾಣ ಇದರಿಂದ ನಿಲ್ಲುವುದಿಲ್ಲ.

ಯಾವುದು ಮೊದಲು

ಗುಡ್ಡ ಕರಗಿಸುವುದು, ಜಮೀನು ಹಂಚುವುದು, ಪರಂಪರೆ ಗುರುತಿಸುವುದು ಈ ಮೂರೂ ಒಂದೇ ಊರಿನಲ್ಲಿ ನಡೆಯಬಹುದು. ಆದರೆ ಅನುಕ್ರಮ ತಪ್ಪಿದರೆ ಮೊದಲು ಬಂದದ್ದು ಉಳಿದವನ್ನು ತಿನ್ನುತ್ತದೆ. ಜಮೀನು ಹಂಚಿಕೆಯಾದ ಮೇಲೆ ಪಟ್ಟಿ ಮಾಡಲು ಕಟ್ಟಡವಿರುವುದಿಲ್ಲ. ಗುತ್ತಿಗೆಗೆ ಸಹಿ ಬಿದ್ದ ಮೇಲೆ ಹೊಸ ಷರತ್ತಿಗೆ ಬೆಲೆ ಇರುವುದಿಲ್ಲ. ಪಟ್ಟಿ ಮಾಡುವ ಕೆಲಸವಾದರೋ ಅಗ್ಗ: ಶಾಫ್ಟ್, ಮಿಲ್ಲು, ಲೈನ್, ನೀರಿನ ಕೇಂದ್ರ, ಸ್ಮಶಾನಗಳ ನಕ್ಷೆ, ಗಣಿಯ ಹಳೆಯ ಪ್ಲಾನುಗಳು ಮತ್ತು ನೌಕರರ ದಾಖಲೆಗಳ ಸಂರಕ್ಷಣೆ. ಗುಡ್ಡದ ಚಿನ್ನದಿಂದ ಬರುವ ಆದಾಯದಲ್ಲಿ ಇಂತಿಷ್ಟು ಭಾಗವನ್ನು ಹೆಡ್‌ಗೇರ್‌ಗಳ ದುರಸ್ತಿಗೂ ತೆರೆದ ಶಾಫ್ಟ್‌ಗಳ ಬೇಲಿಗೂ ಎತ್ತಿಡಬೇಕೆಂದು ಗುತ್ತಿಗೆಯಲ್ಲೇ ಬರೆಯಲು ಈಗ ಅವಕಾಶವಿದೆ. ಗಣಿ ಮುಚ್ಚಿದಾಗ ಅಂಥ ಹಣವನ್ನು ಯಾರೂ ಎತ್ತಿಟ್ಟಿರಲಿಲ್ಲ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಬಿಗ್ ಪಿಟ್ ಎಂಬ ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿ, ಮೂರೇ ವರ್ಷದಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಸಂದರ್ಶಕರ ಕೈಗಡಿಯಾರ, ಬೆಂಕಿಪೊಟ್ಟಣಗಳನ್ನು ಮೇಲೆಯೇ ಇರಿಸಿಕೊಂಡು ತೊಂಬತ್ತು ಮೀಟರ್ ಕೆಳಕ್ಕೆ ಕರೆದೊಯ್ದು ವಿವರಿಸಿದವರು ಅದೇ ವೃತ್ತಿಯಲ್ಲಿ ದುಡಿದಿದ್ದ ಗಣಿ ಕಾರ್ಮಿಕರು. ಕೆಜಿಎಫ್ ಮುಚ್ಚಿದ ದಿನ ಮೂರು ಸಾವಿರಕ್ಕೂ ಹೆಚ್ಚು ಜನ ಕೆಲಸದಲ್ಲಿದ್ದರು. ಆ ದಿನ ನಲವತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಅರವತ್ತೈದರ ಆಸುಪಾಸು.